ಅಳಿಯನಿಗೆ ಹೇಳಬ್ಯಾಡ್ರಿ...

ಮನೆಯಲ್ಲಿ ಹಿರಿಯರಿದ್ದರೆ ಇದನ್ನು ಅರ್ಧಕ್ಕೆ ಬಿಡಬೇಡಿ. ಎರಡೇ ನಿಮಿಷ...

ಗುರುಬಸವ್ವನಿಗೆ ಎಪ್ಪತ್ತೆಂಟು ವರ್ಷ. ಮೊಮ್ಮಗಳ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ, ಅಳಿಯ ಶೇಖರಗೌಡರ ಬೈಕಿನಲ್ಲಿ ಹೊರಟಿದ್ದರು.

ದಾರಿಯಲ್ಲಿ ಸೀರೆಯ ಸೆರಗು ಚಕ್ರಕ್ಕೆ ಸಿಕ್ಕಿತು... ಅಜ್ಜಿ ರಸ್ತೆಗೆ ಬಿದ್ದರು. ತಲೆಯ ಹಿಂಭಾಗಕ್ಕೆ ಪೆಟ್ಟಾಯಿತು.

ತಾಲ್ಲೂಕು ಆಸ್ಪತ್ರೆಯಲ್ಲಿ ಮೂರು ಹೊಲಿಗೆ ಹಾಕಿದರು. "ತಲೆನೋವು ಇದೆಯಾ ಅಜ್ಜಿ? ವಾಂತಿ ಬಂದ ಹಾಗೆ ಆಗ್ತಿದೆಯಾ?" ಎಂದು ಡಾಕ್ಟರ್ ಕೇಳಿದರು.

"ಏನೂ ಇಲ್ರೀ... ಆರಾಮ ಅದೀನಿ."

ಬಿಪಿ ಸರಿಯಿತ್ತು, ಮಾತು ಸರಿಯಿತ್ತು. ಮನೆಗೆ ಹೋಗಬಹುದು ಎಂದರು. ಹೊರಗೆ ಇನ್ನೂ ನಲವತ್ತು ಜನ ಕಾಯುತ್ತಿದ್ದರು, ಪಾಪ ಡಾಕ್ಟರನ್ನೂ ಬೈಯುವಂತಿಲ್ಲ.

ಆದರೆ ಸಿಸ್ಟರ್ ದಿಲ್‌ಶಾದ್ ಒಂದು ವಿಷಯ ಗಮನಿಸಿದ್ದರು. ಅಜ್ಜಿ ಪ್ರತಿ ಉತ್ತರಕ್ಕೂ ಮೊದಲು ಅಳಿಯನ ಕಡೆ ನೋಡಿ ತಲೆ ತಗ್ಗಿಸುತ್ತಿದ್ದರು.

ನಮ್ಮ ಕಡೆ ಹಳೇ ಕಾಲದ ಅತ್ತೆಯಂದಿರು ಅಳಿಯನ ಎದುರು ಹಸಿವಾಯಿತು ಅಂತಲೂ ಹೇಳುವುದಿಲ್ಲ. ಇನ್ನು ನೋವು ಹೇಳಿಯಾರೇ?

"ಗೌಡ್ರ, ನೀವು ಸ್ವಲ್ಪ ಹೊರಗ ನಿಂದರ್ರಿ." ಸಿಸ್ಟರ್ ಪರದೆ ಎಳೆದರು. "ಈಗ ಯಾರೂ ಇಲ್ಲ ಅಜ್ಜಿ, ಖರೇ ಹೇಳ್ರಿ. ದಿನಾ ಏನ್ ಗುಳಿಗಿ ತಗೋತೀರಿ?"

ಅಜ್ಜಿ ಸೊಂಟದ ಎಲೆ-ಅಡಿಕೆ ಸಂಚಿ ಬಿಚ್ಚಿದರು. ಅಡಿಕೆ ಚೂರುಗಳ ನಡುವೆ ಒಂದು ಮಾತ್ರೆಯ ಸ್ಟ್ರಿಪ್... ಹೃದಯಕ್ಕೆಂದು ಕೊಟ್ಟ, ರಕ್ತ ತೆಳುವಾಗಿಸುವ ಮಾತ್ರೆ!

ಈ ಮಾತ್ರೆ ನುಂಗುವವರಿಗೆ ತಲೆಗೆ ಪೆಟ್ಟಾದರೆ, ಹೊರಗಿನ ಗಾಯ ಮುಚ್ಚಿದರೂ ಒಳಗೆ ರಕ್ತ ಸೋರುತ್ತಲೇ ಇರಬಹುದು.

"ತಲಿ ನೋಯಾಕತ್ತೇತೇನ್ರಿ?"

"ಸಿಡದು ಹೋಗಾಕತ್ತೇತವ್ವಾ... ಕಣ್ಣೂ ಮಂಜ ಮಂಜ ಕಾಣತೈತಿ."

ಸಿಸ್ಟರ್ ಕೂಗಿದ್ದಕ್ಕೆ ಡಾಕ್ಟರ್ ಓಡಿ ಬಂದರು. ಅಲ್ಲಿ ಸ್ಕ್ಯಾನ್ ಇರಲಿಲ್ಲ, ಮೆದುಳಿನ ಆಪರೇಷನ್ ಮಾಡುವವರೂ ಇರಲಿಲ್ಲ. "ಈಗಲೇ ಹುಬ್ಬಳ್ಳಿಯ ಟ್ರಾಮಾ ಸೆಂಟರ್‌ಗೆ ಹೊರಡಿ. ಒಂದೊಂದು ನಿಮಿಷವೂ ಮುಖ್ಯ" ಎಂದರು.

ಆ್ಯಂಬುಲೆನ್ಸ್ ಬಾಗಿಲಿಗೆ ಬಂದು ನಿಂತಿತು. ಆದರೆ ಶೇಖರಗೌಡರು ಕಿವಿಯಿಂದ ಫೋನ್ ತೆಗೆಯುತ್ತಿಲ್ಲ... ಆ ಕಡೆ ಅವರ ಅಣ್ಣ.

"ಎಂಬತ್ತಕ್ಕ ಬಂದ ಜೀವ. ಅಲ್ಲಿ ಒಯ್ದು ತಲಿ ಕೊಯ್ಸೂದು ಯಾಕ? ಸುಮ್ನ ಮನಿಗೆ ಕರ್ಕೊಂಡ ಬಾ!"

ಗೌಡರು ತಡವರಿಸಿದರು. "ಸಿಸ್ಟರ್... ಈ ವಯಸ್ಸಿನಾಗ ಅಷ್ಟು ದೂರ... ಯಾಕ ತ್ರಾಸ ಕೊಡೂದು?"

"ನನ್ನ ಕೇಳಬ್ಯಾಡ್ರಿ. ಅವರನ್ನ ಕೇಳ್ರಿ."

ಗೌಡರು ಪರದೆಯ ಈಚೆಯೇ ನಿಂತರು. ಮದುವೆಯಾಗಿ ಮೂವತ್ತೊಂದು ವರ್ಷದಲ್ಲಿ ಅತ್ತೆಯನ್ನು ನೇರವಾಗಿ ಏನೂ ಕೇಳಿದವರಲ್ಲ. ಕೊನೆಗೆ ಸಿಸ್ಟರೇ ಒಳಗೆ ಹೋಗಿ ಕೇಳಿದರು, "ಅಜ್ಜಿ, ನಿಮಗ ಏನ್ ಅನ್ನಸ್ತೈತಿ?"

ಅಜ್ಜಿ ಸಿಸ್ಟರ್ ಕೈ ಹಿಡಿದುಕೊಂಡರು...

"ಬದುಕಬೇಕು ಅನ್ನಸ್ತೈತಿ ನನ್ನವ್ವಾ... ಕೂಸಿನ ಮುಖಾನೂ ನೋಡಿಲ್ಲ. ಆದ್ರ ಈ ವಯಸ್ಸಿನಾಗ ಹಂಗ ಕೇಳಾಕ ನಾಚಿಕಿ. ಅಳಿಯನಿಗೆ ಹೇಳಬ್ಯಾಡ್ರಿ..."

ಪರದೆಯ ಈಚೆ ನಿಂತಿದ್ದ ಗೌಡರ ಕಣ್ಣು ತುಂಬಿತು. ಫೋನಿನಲ್ಲಿ ಅಣ್ಣ ಇನ್ನೂ ಮಾತಾಡುತ್ತಲೇ ಇದ್ದ... ಕಟ್ ಮಾಡಿದರು.

"ಗಾಡಿ ತಗೀರಿ!"

ಅರ್ಧ ದಾರಿಯಲ್ಲಿ ಅಜ್ಜಿಯ ಮಾತು ತೊದಲತೊಡಗಿತು. ರೈಲ್ವೆ ಗೇಟ್ ಬೇರೆ ಹಾಕಿತ್ತು. ಆರು ನಿಮಿಷ... ಗೌಡರು ಕೆಳಗಿಳಿದು ಹಳಿಯ ಕಡೆ ನೋಡುತ್ತ ಸಿಕ್ಕ ಸಿಕ್ಕ ದೇವರಿಗೆಲ್ಲ ಕೈಮುಗಿದರು.

ಸಿಸ್ಟರ್ ಮೊದಲೇ ಫೋನ್ ಮಾಡಿದ್ದರಿಂದ ಹುಬ್ಬಳ್ಳಿಯಲ್ಲಿ ಸ್ಟ್ರೆಚರ್ ಗೇಟಿನಲ್ಲೇ ಕಾದಿತ್ತು. ಸ್ಕ್ಯಾನ್, ಅಲ್ಲಿಂದ ನೇರ ಆಪರೇಷನ್ ಥಿಯೇಟರ್.

"ಇನ್ನೊಂದು ಗಂಟೆ ತಡವಾಗಿದ್ದರೆ ನಾನೂ ಏನೂ ಮಾಡುವಂತಿರಲಿಲ್ಲ" ಎಂದರು ಸರ್ಜನ್.

ಮೂರನೆಯ ದಿನ ಅಜ್ಜಿ ಕಣ್ಣು ಬಿಟ್ಟರು. ಗೌಡರು ಸ್ಟೂಲ್ ಎಳೆದುಕೊಂಡು ಪಕ್ಕದಲ್ಲೇ ಕುಳಿತರು.

"ಅತ್ತಿ... ಎಲ್ಲಿ ನೋಯತೈತಿ? ನನಗ ಹೇಳ್ರಿ."

ಅಜ್ಜಿ ಅಳಿಯನ ಮುಖವನ್ನೇ ಬಹಳ ಹೊತ್ತು ನೋಡಿದರು.

"ತಲಿ ನೋಯತೈತಪಾ... ಭಾಳ ನೋಯತೈತಿ."

ಆ ಒಂದು ಮಾತಿಗೆ ಶೇಖರಗೌಡರು ವಾರ್ಡಿನ ಜನರೆಲ್ಲ ನೋಡುತ್ತಿದ್ದಂತೆಯೇ ಬಿಕ್ಕಿ ಬಿಕ್ಕಿ ಅತ್ತರು.

ಬದುಕುವ ಆಸೆಗೂ, ಸರಿಯಾದ ಚಿಕಿತ್ಸೆಯ ಹಕ್ಕಿಗೂ ವಯಸ್ಸಿನ ಮಿತಿ ಇಲ್ಲ.

ನಿಮ್ಮ ಮನೆಯ ಹಿರಿಯರಿಗೆ ಪೆಟ್ಟಾದಾಗ, ಮುಂದೇನು ಮಾಡೋಣ ಎಂದು ನೀವು ಯಾರನ್ನು ಕೇಳುತ್ತೀರಿ... ಸಂಬಂಧಿಕರನ್ನೋ, ಅವರನ್ನೋ?