ಹಳ್ಳದ ಈಚೆ

‘ಈ ಹಳ್ಳ ದಾಟಿದ್ರೆ ಯಾವ ದೇವ್ರಿಗೆ ಏನಾಗುತ್ತೆ?’

ಯಾರನ್ನೂ ಕೇಳಿದ್ದಲ್ಲ, ಅವನು ದಡದಲ್ಲಿ ಒಬ್ಬನೇ ನಿಂತು ಗಟ್ಟಿಯಾಗಿ ಅಂದಿದ್ದ. ಹಳ್ಳದ ಈಚೆಯ ಗುಡಿಗೆ ಪೂಜಾರಿಯಾದವನು ಸಾಯುವತನಕ ಹಳ್ಳ ದಾಟುವಂತಿಲ್ಲ. ಈಗಿನ ಪೂಜಾರಿಯಾದ ಅವನ ದೊಡ್ಡಪ್ಪನಿಗೆ ವಯಸ್ಸಾಗಿತ್ತು, ಮಕ್ಕಳಿಲ್ಲ. ವಂಶದ ರಕ್ತವೇ ಆಗಬೇಕೆಂದು ಊರಿನವರು ನಾಳೆ ಅವನಿಗೆ ಪೂಜಾರಿ ಪಟ್ಟ ಕಟ್ಟುವವರಿದ್ದರು.

ಗುಡಿಯ ಜಗಲಿಯಲ್ಲಿ ಕೂತಿದ್ದ ದೊಡ್ಡಪ್ಪನಿಗೆ ಅವನು ಮೊಬೈಲು ತೋರಿಸಿದ.

‘ಡಿಎನ್‌ಎ ಪರೀಕ್ಷೆ ಮಾಡಿಸ್ದೆ ದೊಡ್ಡಪ್ಪ. ನಿಮಗೂ ನನಗೂ ರಕ್ತಸಂಬಂಧ ಇಲ್ವಂತೆ. ನಾನು ಈ ವಂಶದವನಲ್ಲ, ಬಿಟ್ಬಿಡಿ.’

‘ಸಕ್ಕರೆ ಕಾಯ್ಲೆ ನೋಡೋಕೆ ಅಂತ ಉಗುಳಿಸ್ಕೊಂಡು ಹೋದೆಯಲ್ಲ, ಅದಾ?’ ಮುದುಕ ನಕ್ಕ. ‘ನೀನು ಈ ವಂಶದವನೇ ಕಣಪ್ಪ. ಅಲ್ಲದವನು ನಾನು. ಮಕ್ಕಳಾಗ್ಲಿಲ್ಲ ಅಂತ ನಮ್ಮವ್ವ ಯಾರದೋ ಕೂಸು ತಂದು ಸಾಕಿದ್ಲು. ನಿಮ್ಮಪ್ಪ ಹುಟ್ಟಿದ್ದು ಆಮೇಲೆ. ನನಗೆ ಪಟ್ಟ ಕಟ್ಟಿದ ಮೇಲೆ ಗುಟ್ಟಾಗಿ ಹೇಳಿದ್ಲು.’

ಅವನು ಮೊಬೈಲು ಕೆಳಗಿಳಿಸಿದ.

‘ಗೊತ್ತಿದ್ದೂ ನೀವು ದಾಟ್ಲಿಲ್ವಾ?’

‘ನಿಮ್ಮ ದೊಡ್ಡವ್ವ ಆಚೆ ಆಸ್ಪತ್ರೇಲಿ ಸಾಯ್ತಿದ್ದಾಗ್ಲೂ ದಾಟ್ಲಿಲ್ಲ.’

‘ದೇವ್ರು ನಿಮ್ಮ ಪೂಜೇನೂ ಒಪ್ಕೊಂಡಿದಾನಲ್ಲ. ಅಂದ್ಮೇಲೆ ಅವನಿಗೆ ವಂಶದ ರಕ್ತ ಬೇಕಿಲ್ಲ. ನಾನು ಇದನ್ನ ಊರಿಗೆ ತೋರಿಸಿದ್ರೆ ನಮ್ಮವ್ವನ ಮೇಲೆ ಮಾತು ಬರುತ್ತೆ. ನೀವೇ ನಿಜ ಹೇಳ್ಬಿಡಿ ದೊಡ್ಡಪ್ಪ. ಕೈ ಮುಗೀತೀನಿ.’

ಮುದುಕ ಎದ್ದು, ಮಡಿ ಪಂಚೆ ಸರಿಮಾಡಿಕೊಂಡು, ಗರ್ಭಗುಡಿಯ ಬಾಗಿಲು ತೆರೆದ.

‘ಹೇಳಲ್ಲ.’