ಕೈ ಬದಲಾದ ಕುರಿ

"ಇಬ್ಬರೂ ಕುರಿ ಬದಲಾಯಿಸಿಕೊಳ್ಳಿ" ಎಂದರು ತೀರ್ಪುಗಾರರು. ಅಮೆರಿಕದ ಐಡಹೊ ರಾಜ್ಯದ ಕುರಿ ಮೇಳದ ಕಣದಲ್ಲಿ ಕೊನೆಯ ಸುತ್ತಿಗೆ ಉಳಿದಿದ್ದವರು ಮೈಟೆ ಮತ್ತು ಕೋಲ್ಟನ್ ಮಾತ್ರ. ಹಗ್ಗವಿಲ್ಲದೆ, ಬರಿಗೈಯಲ್ಲಿ ಕುರಿಯನ್ನು ನೆಟ್ಟಗೆ ನಿಲ್ಲಿಸಿದವರಿಗೆ ಮೊದಲ ಬಹುಮಾನದ ನೇರಳೆ ರಿಬ್ಬನ್. ಮೈಟೆಗೆ ಹದಿನೆಂಟು ತುಂಬಿತ್ತು. ಯುವಜನರ ಕುರಿ ಸಂಘದಲ್ಲಿ ಅವಳಿಗೆ ಇದೇ ಕೊನೆಯ ವರ್ಷ.

"ಕೊಡು ನಿನ್ನ ಮುದ್ದಿನ ಕೂಸನ್ನ, ಸ್ವಲ್ಪ ಶಿಸ್ತು ಕಲಿಸ್ತೀನಿ" ಎಂದು ಕೋಲ್ಟನ್ ನಕ್ಕ. ಅವನ ಕುರಿ ಮೈಟೆಯ ಮೊಣಕಾಲಿಗೆ ಎದೆಯೊತ್ತಿ ಕಲ್ಲಿನಂತೆ ನಿಂತಿತು. ಅವಳದು ಮಾತ್ರ ಅವನ ಕೈಯಲ್ಲಿ ಒದ್ದಾಡಿತು. ಅವನು ಅದರ ಗದ್ದವನ್ನು ಬಿಗಿಹಿಡಿದಷ್ಟೂ ಅದು ಮುಂಗಾಲೆತ್ತಿ ಜಿಗಿಯಿತು. ಬೆಂಚುಗಳಲ್ಲಿ ನಗು ಎದ್ದಿತು. ಮೈಟೆ ಸುಮ್ಮನಿದ್ದರೆ ಸಾಕಿತ್ತು, ರಿಬ್ಬನ್ ಅವಳದೇ. ಆದರೆ ದೇವರು ತನ್ನ ಕೈಗೆ ಒಪ್ಪಿಸಿದ ಮೂಕಜೀವ ಕಣ್ಣರಳಿಸಿ ತನ್ನನ್ನೇ ಹುಡುಕುತ್ತಿರುವಾಗ ಸುಮ್ಮನಿರುವುದು ಅವಳಿಂದಾಗಲಿಲ್ಲ.

"ಗದ್ದ ಸಡಿಲ ಬಿಡೋ ಮಾರಾಯ! ಕಿವಿ ಹಿಂದೆ ಮೆಲ್ಲಗೆ ಕೆರಿ. ಬಾಟ್ಲಿ ಹಾಲು ಕುಡಿದು ಬೆಳೆದದ್ದು ಅದು, ಗದರಿದ್ರೆ ಕೇಳಲ್ಲ."

ಕೋಲ್ಟನ್ ಹಾಗೆಯೇ ಮಾಡಿದ. ಕುರಿ ಉಸಿರುಬಿಟ್ಟು ನಿಂತಿತು.

"ಗೆದ್ದ ಆಟಾನ ಬಿಟ್ಟುಕೊಟ್ಟೆಯಲ್ಲ ಮಗಳೇ" ಎಂದರು ತೀರ್ಪುಗಾರರು.

ಮೈಟೆ ಅವರ ಮುಖದಿಂದ ಕಣ್ಣು ಕದಲಿಸಲಿಲ್ಲ. "ಈಗ ಎರಡೂ ನೆಟ್ಟಗೆ ನಿಂತಿವೆ ಸಾರ್. ಈಗ ನೋಡಿ ಹೇಳಿ."