ಎದ್ದು ನಿಂತ ಕಾಲರು

ಶಿಸ್ತಿನ ಮೇಷ್ಟ್ರು ಹುಡುಗನನ್ನು ಮೆಟ್ಟಿಲ ಬಳಿಯೇ ಹಿಡಿದರು. ಅಂಗಿಯ ಎಡಗಡೆ ಕಾಲರು ಮರ್ಯಾದೆಯಿಂದ ಮಡಿಸಿಕೊಂಡಿತ್ತು. ಬಲಗಡೆಯದು ಕಿವಿಯ ತನಕ ಎದ್ದು ನಿಂತಿತ್ತು.

“ಯಾರೋ ಇದನ್ನ ಶುರು ಮಾಡಿದ್ದು?”

ಹುಡುಗ ಮೇಷ್ಟ್ರನ್ನು ನೋಡಿದ, ಆಮೇಲೆ ನೆಲ ನೋಡಿದ. “ಹೇಳಕ್ಕಾಗಲ್ಲ ಸರ್.”

“ಹೆದರಿಕೆನಾ?”

“ಹೂಂ ಸರ್.”

“ಯಾರ ಹೆದರಿಕೆ?”

ಮೇಷ್ಟ್ರು ಎಡಗೈಯಿಂದ ಕಾಲರನ್ನು ಮಡಿಸಿ ಕಳಿಸಿದರು. ಹುಡುಗ ಮೂಲೆ ತಿರುಗುವಷ್ಟರಲ್ಲಿ ಅದು ಮತ್ತೆ ಎದ್ದಿತ್ತು.

ಒಂದು ತಿಂಗಳಿಂದ ಇಡೀ ಶಾಲೆಗೆ ಈ ಹುಚ್ಚು ಹಿಡಿದಿತ್ತು. ಮೊದಲು ನಾಟಕ ಸಂಘ, ಅದರ ಹಿಂದೆಯೇ ಸಂಗೀತ ಸಂಘ. ವಿಜ್ಞಾನ ಸಂಘದವರು ಕಾಲರಿನೊಳಗೆ ರಟ್ಟಿನ ಚೂರು ಸೇರಿಸಿ ಬಾಗದಂತೆ ಮಾಡಿಕೊಂಡರು. ಚರ್ಚಾ ಸಂಘ ಈ ವಿಷಯದ ಮೇಲೆ ಒಂದು ಚರ್ಚೆಯನ್ನೇ ಏರ್ಪಡಿಸಿತು. ಪರವಾಗಿ ಮಾತಾಡಿದವರ ಕಾಲರೂ ನಿಂತಿತ್ತು, ವಿರೋಧವಾಗಿ ಮಾತಾಡಿದವರದ್ದೂ ನಿಂತಿತ್ತು. ಚದುರಂಗ ಸಂಘಕ್ಕೆ ಫ್ಯಾಷನ್ ಯಾವತ್ತೂ ತಡವಾಗಿಯೇ ಮುಟ್ಟುತ್ತದೆ. ಅವರು ಎಡಗಡೆಯದನ್ನು ಎಬ್ಬಿಸಿಕೊಂಡು ಬಂದು ನಗೆಪಾಟಲಾದರು.

ಮೇಷ್ಟ್ರಿಗೆ ನಗು ಬರಲಿಲ್ಲ. ದೀರ್ಘ ಕಾಯಿಲೆಯ ರಜೆ ಮುಗಿಸಿ ಅವರು ಕೆಲಸಕ್ಕೆ ಮರಳಿದ್ದರು. ಆಡಳಿತ ಸಮಿತಿಯವರು ಖುದ್ದಾಗಿ ಬಂದು, ಇವರು ಇನ್ನೂ ಶಾಲೆಯಲ್ಲಿರಬೇಕೋ ಮನೆಯಲ್ಲಿ ಕೂರಬೇಕೋ ಎಂದು ತೀರ್ಮಾನಿಸುವವರಿದ್ದರು. ಮನೆಯಲ್ಲಿ ಕೂರುವುದೆಂದರೆ ಅವರಿಗೆ ಜೀವ ಹೋದಂತೆ. ಅಲ್ಲಿ ಈಗ ಮಾತಾಡಿಸುವವರೂ ಇರಲಿಲ್ಲ; ಹೆಂಡತಿ ಮಗಳ ಬಾಣಂತನಕ್ಕೆ ಹೋಗಿದ್ದರು. “ನಾನೇನು ಎಳೆ ಮಗುವಾ? ಹೋಗು” ಎಂದು ಗದರಿ ಕಳಿಸಿದ್ದೂ ಇವರೇ.

ಆದ್ದರಿಂದ ಸಮಿತಿ ಬರುವುದರೊಳಗೆ ಶಾಲೆ ನೆಟ್ಟಗಾಗಬೇಕಿತ್ತು. ಅವರು ತರಗತಿ ತರಗತಿಗೆ ಹೋಗಿ ಗುಡುಗಿದರು. ಹಲಗೆಯ ಮೇಲ್ತುದಿಯಲ್ಲಿ ‘ಶಿಸ್ತು’ ಎಂದು ಬರೆಯಲು ಉದ್ದನೆಯ ಹುಡುಗನೊಬ್ಬನನ್ನು ಎಬ್ಬಿಸಿದರು. “ನಿನ್ನ ಅಕ್ಷರವಾದ್ರೂ ದುಂಡಗಾಗ್ಲಿ” ಎಂದರು. ಈ ಪಿಡುಗಿಗೆಲ್ಲ ಕನ್ನಡಿಯೇ ಮೂಲ ಎಂದು ಶಾಲೆಯ ಕನ್ನಡಿಗಳನ್ನೆಲ್ಲ ತೆಗೆಸಿದರು.

“ನಾನು ಕನ್ನಡಿ ಮುಂದೆ ನಿಂತು ವರ್ಷಗಳಾದ್ವು. ನನಗೇನು ಕಡಿಮೆಯಾಗಿದೆ?”

ಮುಂದಿನ ಸಾಲಿನ ಪುಟ್ಟ ಹುಡುಗಿಯೊಬ್ಬಳು ಏನೋ ಹೇಳಲು ಎದ್ದಳು. ಪಕ್ಕದವಳು ಅವಳ ಕೈ ಹಿಡಿದು ಕೂರಿಸಿದಳು.

ಮುಖ್ಯೋಪಾಧ್ಯಾಯಿನಿ ಮಾತ್ರ ಇದನ್ನೆಲ್ಲ ಹಗುರವಾಗಿ ತೆಗೆದುಕೊಂಡಿದ್ದರು. “ಹುಡುಗರನ್ನ ಚೆನ್ನಾಗೇ ಅಣಕಿಸ್ತೀರಿ ಕಣ್ರೀ. ಆದ್ರೆ ಸಮಿತಿ ಮುಂದೆ ಅದೆಲ್ಲ ಬೇಡ” ಎಂದರು. ಮೇಷ್ಟ್ರಿಗೆ ತಲೆಬುಡ ಅರ್ಥವಾಗಲಿಲ್ಲ. ಮೇಲಿನವರ ಮಾತಲ್ಲವೇ, ತಲೆಯಾಡಿಸಿದರು.

ಅನುಮಾನವೆಲ್ಲ ನಾಟಕ ಸಂಘದ ಮೇಲೆ. ಅದರ ಜೊತೆ ಸಂಕಟವೂ ಇತ್ತು. ತಾಲೀಮು ಮುಗಿದು ಕೊನೆಯ ಹುಡುಗಿ ಬಸ್ಸು ಹತ್ತುವ ತನಕ ದಿನವೂ ಗೇಟಿನಲ್ಲಿ ನಿಲ್ಲುತ್ತಿದ್ದವರು ಅವರೊಬ್ಬರೇ. ಚಳಿಯಿರಲಿ, ಮೈಯಲ್ಲಿ ಹುಷಾರಿಲ್ಲದಿರಲಿ, ತಪ್ಪಿಸಿದವರಲ್ಲ. ಅದನ್ನು ಅವರು ಕಾವಲು ಎನ್ನುತ್ತಿದ್ದರು. ಅಂಥವರ ಅನ್ನಕ್ಕೇ ಈ ಮಕ್ಕಳು ಮಣ್ಣು ಹಾಕುವುದೇ!

ಸಮಿತಿ ಬರುವ ಹಿಂದಿನ ದಿನ ನಾಟಕ ಸಂಘದ ಅಧ್ಯಕ್ಷೆಯನ್ನು ಕರೆಸಿದರು. ಹುಡುಗಿಯ ಕಾಲರು ಎಲ್ಲರಿಗಿಂತ ಅಚ್ಚುಕಟ್ಟಾಗಿ ನಿಂತಿತ್ತು.

“ನೀನೇ ತಾನೆ ಇದನ್ನ ಹಬ್ಬಿಸಿದ್ದು?”

“ಹಬ್ಬಿಸಿದ್ದು ನಾನೇ ಸರ್.”

“ಯಾಕಮ್ಮಾ ಈ ವೇಷ?”

“ಯಾರೂ ನಗಬಾರದು ಅಂತ.”

“ಊರೇ ನಗ್ತಿದೆ!”

“ಈಗ ನಗಲ್ಲ ಸರ್. ಮೊದಲ ವಾರ ನಗ್ತಿದ್ರು.” ಒಂದು ಹೆಜ್ಜೆ ಮುಂದೆ ಬಂದು ಕೇಳಿದಳು: “ಸರ್, ನಿಮ್ಮನೆ ಆಂಟಿ ಯಾವಾಗ ಬರ್ತಾರೆ? ಅಲ್ಲೀವರೆಗೆ ಬಿಟ್ಟುಬಿಡಿ. ಆಮೇಲೆ ನಾವೇ ನಿಲ್ಲಿಸ್ತೀವಿ.”

ಮೇಷ್ಟ್ರ ರಕ್ತ ಕುದಿಯಿತು. ಮನೆಯಲ್ಲಿ ಹೆಂಡತಿಯಿಲ್ಲದಿದ್ದರೆ ಗಂಡಸಿನ ಬಿಗಿ ಸಡಿಲವಾಗುತ್ತದೆ ಎಂದು ಇವಳ ಲೆಕ್ಕ! “ಸಾಕು. ನಾಳೆ ಮೈದಾನದಲ್ಲಿ ಒಂದು ಕಾಲರು ಎದ್ದಿದ್ರೂ ನಿಮ್ಮ ಸಂಘಕ್ಕೆ ಬೀಗ. ಕಾಲರು ಎದ್ದವರಿಗೆ ಈ ಶಾಲೆಯಲ್ಲಿ ಜಾಗವಿಲ್ಲ.”

“ಯಾರೇ ಆದ್ರೂನಾ ಸರ್?”

“ಯಾರೇ ಆದ್ರೂ.”

ಹುಡುಗಿಯ ಕಣ್ಣು ತುಂಬಿತು. “ಸರ್, ನಾನೊಂದು ಮಾತು...”

“ಎದುರು ಮಾತು ಬೇಡ. ನಡಿ.”

ಫ್ಯಾಷನ್ನಿಗಾಗಿ ಅಳುವ ಕಾಲ ಬಂತಲ್ಲ ಎಂದು ಮೇಷ್ಟ್ರು ನಿಟ್ಟುಸಿರಿಟ್ಟರು. ಮನೆಗೆ ಹೋಗಿ, ಕಾಯಿಲೆಯಿಂದೀಚೆಗೆ ಕೈ ಎತ್ತಲು ಬಿಡದೆ ಹಟ ಹಿಡಿದ ಬಲ ಭುಜಕ್ಕೆ ಎಣ್ಣೆ ತಿಕ್ಕಿಕೊಂಡು ಮಲಗಿದರು.

ಬೆಳಿಗ್ಗೆ ಹೊಸ ಅಂಗಿ ತೊಟ್ಟು ವೇದಿಕೆ ಹತ್ತಿದರು. ನಾಟಕದ ಹುಡುಗಿ ಸಾಲು ಮುರಿದು ಓಡಿ ಬಂದಳು. “ಸರ್, ಒಂದೇ ನಿಮಿಷ, ಸ್ವಲ್ಪ ಬಗ್ಗಿ...” ಕೈಯನ್ನೂ ಮುಂದೆ ಚಾಚಿದಳು. ಸಮಿತಿಯವರು ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. “ಸಾಲಿಗೆ ಹೋಗು!” ಎಂದು ಮೇಷ್ಟ್ರು ಗದರಿದರು. ಅವಳು ಹೋದಳು.

ಅವರು ಮೈದಾನದ ಮೇಲೆ ಕಣ್ಣು ಹಾಯಿಸಿದರು. ನಾಟಕ, ಸಂಗೀತ, ವಿಜ್ಞಾನ, ಚದುರಂಗ, ಎಲ್ಲರ ಕಾಲರೂ ಇಸ್ತ್ರಿ ಹಾಕಿದಂತೆ ಮಲಗಿದ್ದವು. ಗೆದ್ದೆ ಎನಿಸಿತು. ಎದೆ ಉಬ್ಬಿತು. ಗಂಟಲು ಸರಿಮಾಡಿಕೊಂಡು ಮಾತು ಶುರು ಮಾಡಿದರು. ಮಕ್ಕಳು ಮಾತ್ರ ಯಾಕೋ ಒಬ್ಬರೂ ತಲೆ ಎತ್ತಲಿಲ್ಲ.

ಇಡೀ ಮೈದಾನದಲ್ಲಿ ಎದ್ದು ನಿಂತ ಕಾಲರು ಈಗ ಒಂದೇ ಒಂದು ಉಳಿದಿತ್ತು. ಅದು ಸಮಿತಿಯ ಎದುರಿಗೆ, ಮೈಕಿನ ಮುಂದೆ, ಶಿಸ್ತಿನ ಬಗ್ಗೆ ಭಾಷಣ ಮಾಡುತ್ತಿತ್ತು.